ಮನೆಭೇಟಿಗೆ ಹೋಗುವವರನ್ನು ತಯಾರು ಮಾಡುವ ಬಗೆ

ಕಾಯಿಲೆ ಬಿದ್ದವರನ್ನು, ಸಾವಾದ ಮನೆಯವರನ್ನು, ಒಂಟಿಯಾಗಿರುವ ಮುದುಕರನ್ನು ನೋಡಿಕೊಂಡು ಬರಲು ಒಂದು ತಂಡ ಕಟ್ಟಬೇಕೆಂಬ ಮಾತು ಧರ್ಮಕೇಂದ್ರದ (ಒಂದು ಚರ್ಚಿಗೆ ಸೇರಿದ ಸಮುದಾಯದ, ಅಂದರೆ ಪ್ಯಾರಿಷ್‌ನ) ಪಾಲನಾ ಪರಿಷತ್ತಿನಲ್ಲಿ ಆಗಾಗ ಏಳುತ್ತದೆ. ಎದ್ದ ಮೇಲೆ ನಡೆಯುವುದೂ ಹೆಚ್ಚುಕಡಿಮೆ ಒಂದೇ. ಒಂದು ಭಾನುವಾರ ಇಡೀ ದಿನದ ಶಿಬಿರ, ಹೊರಗಿನಿಂದ ಬಂದ ಫಾದರ್ ಒಬ್ಬರ ಮೂರು ಉಪನ್ಯಾಸ, ಮಧ್ಯಾಹ್ನ ಬಿರಿಯಾನಿ, ಸಂಜೆ ಪ್ರಮಾಣಪತ್ರ. ಮಳೆಗಾಲ ಮುಗಿಯುವಷ್ಟರಲ್ಲಿ ತಂಡವೂ ಮುಗಿದಿರುತ್ತದೆ. ಉಪನ್ಯಾಸದಲ್ಲಿ ತಪ್ಪಿರುವುದಿಲ್ಲ. ಆದರೆ ರೋಗಿಯ ಮಂಚದ ಪಕ್ಕ ಕೂರುವುದನ್ನು ಮಾಡಿಯೇ ಕಲಿಯಬೇಕು, ಮಾಡಿದ್ದನ್ನು ನಾಲ್ಕು ಜನರ ಮುಂದೆ ಬಿಚ್ಚಿಟ್ಟು ತಿದ್ದಿಕೊಳ್ಳಬೇಕು. ತರಬೇತಿಯ ಹೆಚ್ಚಿನ ಗಂಟೆಗಳು ಹೋಗಬೇಕಾದದ್ದು ಅಲ್ಲಿಗೆ. ಇಲ್ಲಿ ಬರೆದಿರುವುದು ಕರ್ನಾಟಕದ ಕಥೋಲಿಕ ಧರ್ಮಕೇಂದ್ರವನ್ನು ಮನಸ್ಸಿನಲ್ಲಿಟ್ಟುಕೊಂಡು. ಸಿ.ಎಸ್.ಐ. (ಪ್ರೊಟೆಸ್ಟಂಟರ ದಕ್ಷಿಣ ಭಾರತ ಸಭೆ) ಸಭೆಯವರು ಸಂಸ್ಕಾರಗಳ ಭಾಗವೊಂದನ್ನು ತಮ್ಮ ಕ್ರಮಕ್ಕೆ ತಕ್ಕಂತೆ ಬದಲಿಸಿಕೊಂಡು ಉಳಿದದ್ದನ್ನು ಹಾಗೇ ಬಳಸಬಹುದು.

ಮೊದಲ ಎಡವಟ್ಟು ಆಯ್ಕೆಯಲ್ಲಿ. ಬಲಿಪೂಜೆಯ (ಮಾಸ್) ಕೊನೆಗೆ "ಆಸಕ್ತಿ ಇರುವವರು ಹೆಸರು ಕೊಡಿ" ಎಂದು ಪ್ರಕಟಿಸಿದರೆ ಬರುವವರಲ್ಲಿ ಮಾತುಗಾರರೇ ಹೆಚ್ಚು. ಬೇಕಾದವರು ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ. ಹಾಗಾಗಿ ಪ್ರತಿ ವಾರ್ಡಿನ, ಅಂದರೆ ಕಿರು ಕ್ರೈಸ್ತ ಸಮುದಾಯದ ಮುಖಂಡರನ್ನು (ಕರಾವಳಿಯಲ್ಲಾದರೆ ಗುರ್ಕಾರರನ್ನು) ಒಂದೇ ಪ್ರಶ್ನೆ ಕೇಳಿ: ನಿಮ್ಮಲ್ಲಿ ಕಷ್ಟ ಬಂದಾಗ ಜನ ಯಾರ ಮನೆ ಬಾಗಿಲು ತಟ್ಟುತ್ತಾರೆ? ಬರುವ ಹೆಸರುಗಳನ್ನು ಕರೆಸಿ ಅರ್ಧ ಗಂಟೆ ಮಾತಾಡಿಸಿ, ಇಬ್ಬರು ಕೂತು. "ನಿಮ್ಮೆದುರು ಯಾರಾದರೂ ಅತ್ತಾಗ ಕೊನೆಯ ಸಲ ಏನು ಮಾಡಿದಿರಿ?" ಎಂಬ ಪ್ರಶ್ನೆಗೆ ಸಿಗುವ ಉತ್ತರದಿಂದ ಬಹಳಷ್ಟು ತಿಳಿಯುತ್ತದೆ. ಮನೆಯಲ್ಲಿ ಸಾವಾಗಿ ಒಂದು ವರ್ಷ ತುಂಬದವರನ್ನು ಈ ಸಲ ಬೇಡವೆನ್ನಿ, ಮುಂದಿನ ತಂಡಕ್ಕೆ ಕರೆಯಿರಿ. ಅವರು ಬೇರೆಯವರ ಮನೆಯಲ್ಲಿ ತಮ್ಮ ದುಃಖವನ್ನೇ ಕಾಣುತ್ತಾರೆ. ಎಂಟರಿಂದ ಹನ್ನೆರಡು ಜನ ಸಾಕು. ಹನ್ನೆರಡು ಮೀರಿದರೆ ಪ್ರತಿಯೊಬ್ಬರ ಅಭ್ಯಾಸವನ್ನೂ ನೋಡಿ ತಿದ್ದಲು ಸಮಯ ಸಿಗದು. ಗಂಡಸರು, ಹೆಂಗಸರು ಇಬ್ಬರೂ ಇರಲಿ. ವಾರದ ದಿನ ಬೆಳಿಗ್ಗೆ ಬಿಡುವಿರುವ ಕನಿಷ್ಠ ನಾಲ್ಕು ಜನ ಬೇಕು. ಮನೆಮಾತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆಂಗಳೂರಿನ ಒಂದೇ ಧರ್ಮಕೇಂದ್ರದಲ್ಲಿ ಕನ್ನಡ, ತಮಿಳು, ಕೊಂಕಣಿ, ಮಲಯಾಳ ಮನೆಗಳಿರುತ್ತವೆ. ಹೊರಗೆ ಚೆನ್ನಾಗಿ ಕನ್ನಡ ಆಡುವವರೂ ನೋವು ಹೆಚ್ಚಾದಾಗ ತಾಯ ಮಾತಿಗೇ ಮರಳುತ್ತಾರೆ.

ಬಸ್ ಖರ್ಚನ್ನು ಧರ್ಮಕೇಂದ್ರವೇ ಕೊಡಲಿ, ಇಲ್ಲದಿದ್ದರೆ ತಂಡದಲ್ಲಿ ಸ್ಕೂಟರ್, ಕಾರು ಇದ್ದವರೇ ಉಳಿಯುತ್ತಾರೆ. ಶಕ್ತಿ ಯೋಜನೆ ಇದೆಯಲ್ಲ ಎನ್ನಬಹುದು. ಮಂಗಳೂರು, ಉಡುಪಿ ಕಡೆ ಓಡುವುದರಲ್ಲಿ ಹೆಚ್ಚಿನವು ಖಾಸಗಿ ಬಸ್ಸುಗಳು, ಅಲ್ಲಿ ಹೆಂಗಸರಿಗೂ ಟಿಕೆಟ್ಟು ಇದ್ದೇ ಇದೆ.

ತರಬೇತಿಗೆ ಎರಡೂವರೆ ಗಂಟೆಯ ಹತ್ತು ತರಗತಿ, ವಾರಕ್ಕೊಂದು. ಅದಾದ ಮೇಲೆ ಅನುಭವಸ್ಥರೊಬ್ಬರ ಜೊತೆ ಆರು ಭೇಟಿ. ಆಮೇಲಷ್ಟೇ ಜೋಡಿಯಾಗಿ ಸ್ವತಂತ್ರವಾಗಿ ಕಳಿಸುವುದು. ಜೂನ್ ನಡುವಿನಲ್ಲಿ ಶುರುಮಾಡಿದರೆ ಆಗಸ್ಟ್ ಕೊನೆಗೆ, ಸೆಪ್ಟೆಂಬರ್ 8ರ ಮಾತೆಯ ಹಬ್ಬದ ನವೇನಾ (ಒಂಬತ್ತು ದಿನದ ಪ್ರಾರ್ಥನೆ) ಆರಂಭವಾಗುವ ಹೊತ್ತಿಗೆ ತರಗತಿಗಳು ಮುಗಿಯುತ್ತವೆ. ತಪಸ್ಸು ಕಾಲದಲ್ಲಿ (ಈಸ್ಟರಿಗೆ ಮುಂಚಿನ ನಲವತ್ತು ದಿನ) ಶುಕ್ರವಾರ ಶಿಲುಬೆಯ ಹಾದಿ, ಡಿಸೆಂಬರಿನಲ್ಲಿ ಗೋದಲಿ, ಕ್ಯಾರಲ್ಸು. ಆಗ ಯಾರೂ ಕೈಗೆ ಸಿಗುವುದಿಲ್ಲ. ಹತ್ತು ತರಗತಿಗಳಲ್ಲಿ ನಾಲ್ಕು ಕೇಳಿಸಿಕೊಳ್ಳುವುದಕ್ಕೆ, ಎರಡು ಮಾತಿನ ದಾಖಲೆಗೆ, ಒಂದು ಕಾಯಿಲೆ ಮತ್ತು ಆಸ್ಪತ್ರೆಗೆ (ಡಾಕ್ಟರೋ ನರ್ಸೋ ಬರಲಿ), ಒಂದು ಮಾನಸಿಕ ಕಾಯಿಲೆಗೆ, ಒಂದು ಪ್ರಾರ್ಥನೆ ಮತ್ತು ಸಂಸ್ಕಾರಗಳಿಗೆ, ಒಂದು ಗುಟ್ಟು ಮತ್ತು ಕಾನೂನಿಗೆ. ಮಾನಸಿಕ ಕಾಯಿಲೆಯ ತರಗತಿಗೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಕೇಳಿಕೊಳ್ಳಬಹುದು. ಬೈಬಲ್ ಅಧ್ಯಯನಕ್ಕೆ ಬೇರೆ ತರಗತಿ ಯಾಕಿಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಇಲ್ಲಿಗೆ ಬರುವವರಿಗೆ ವಚನಗಳು ಗೊತ್ತಿಲ್ಲದೆ ಇರುವುದಿಲ್ಲ. ಗೊತ್ತಿರುವ ವಚನವನ್ನು ಹತ್ತು ನಿಮಿಷ ನಾಲಗೆಯ ಹಿಂದೆ ತಡೆದಿಟ್ಟುಕೊಳ್ಳುವುದೇ ಅವರಿಗೆ ಬಾರದ್ದು.

ಕೇಳಿಸಿಕೊಳ್ಳುವ ಅಭ್ಯಾಸ ಮೂವರ ಗುಂಪಿನಲ್ಲಿ ನಡೆಯುತ್ತದೆ. ಒಬ್ಬರು ಹೇಳುವವರು, ಒಬ್ಬರು ಕೇಳುವವರು, ಒಬ್ಬರು ನೋಡುವವರು. ಏಳು ನಿಮಿಷ ಮಾತು, ಮೂರು ನಿಮಿಷ ನೋಡಿದವರ ವರದಿ, ಆಮೇಲೆ ಜಾಗ ಬದಲು. ಅರ್ಧ ಗಂಟೆಯಲ್ಲಿ ಮೂವರ ಸರದಿಯೂ ಮುಗಿಯುತ್ತದೆ. ಹೇಳುವವರು ನಿಜವಾದ, ಆದರೆ ಚಿಕ್ಕ ತೊಂದರೆಯೊಂದನ್ನು ಹೇಳಲಿ: ಮಗನ ಜೊತೆ ಮಾತು ಬಿಟ್ಟದ್ದು, ಮಂಡಿ ನೋವು, ಬಾಡಿಗೆ ಮನೆ ಖಾಲಿ ಮಾಡಬೇಕಾದದ್ದು. ದೊಡ್ಡ ಗಾಯಗಳನ್ನು ತರಗತಿಯಲ್ಲಿ ತೆರೆಸಬೇಡಿ. ಮೊದಲ ವಾರ ಕೇಳುವವರು ಪ್ರಶ್ನೆಯನ್ನೇ ಕೇಳುವಂತಿಲ್ಲ, ಸಲಹೆಯಂತೂ ಇಲ್ಲವೇ ಇಲ್ಲ. ಕೇಳಿದ್ದನ್ನು ತಮ್ಮ ಮಾತಿನಲ್ಲಿ ಚಿಕ್ಕದಾಗಿ ಹಿಂದಿರುಗಿಸಬಹುದು, ಅಷ್ಟೇ. ಎರಡನೇ ವಾರ ಒಂದೇ ಒಂದು ಪ್ರಶ್ನೆಗೆ ಅವಕಾಶ. ಮೂರನೇ ವಾರ ಮೌನ: ಹೇಳುವವರು ನಿಲ್ಲಿಸಿದಾಗ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ ಆಮೇಲೆ ಬಾಯಿ ತೆರೆಯುವುದು. ಹೆಚ್ಚಿನವರು ನಾಲ್ಕಕ್ಕೇ ಸೋಲುತ್ತಾರೆ. ಹತ್ತರವರೆಗೆ ತಡೆದವರಿಗೆ, ಹೇಳುವವರು ಆರು ಏಳಕ್ಕೆಲ್ಲ ತಾವಾಗಿಯೇ ಮುಂದುವರಿಸುವುದು ಕಾಣುತ್ತದೆ. ನಾಲ್ಕನೇ ವಾರ ಕಟ್ಟುಪಾಡಿಲ್ಲದ ಮಾತುಕತೆ, ನೋಡುವವರ ಟಿಪ್ಪಣಿ ಮಾತ್ರ ಇನ್ನೂ ಬಿಗಿ.

ನಮ್ಮ ಬಾಯಿಂದ ತಾವಾಗಿಯೇ ಹೊರಡುವ ಮಾತುಗಳನ್ನು ಕಪ್ಪುಹಲಗೆಯ ಮೇಲೆ ಬರೆಸಿ, ಒಂದೊಂದೂ ಏನು ಮಾಡುತ್ತದೆಂದು ಚರ್ಚಿಸುವುದು ಒಳ್ಳೆಯದು. "ಎಲ್ಲ ದೇವರ ಚಿತ್ತ" ಅಂದರೆ ಎದುರಿನವರಿಗೆ ದೇವರ ಮೇಲಿನ ಕೋಪವನ್ನು ಹೇಳಿಕೊಳ್ಳಲು ಜಾಗ ಉಳಿಯುವುದಿಲ್ಲ. "ಅಳಬೇಡಿ, ಮಕ್ಕಳ ಮುಖ ನೋಡಿ ಧೈರ್ಯ ತಂದುಕೊಳ್ಳಿ" ಅನ್ನುವುದು ಅವರ ಅಳು ನಮಗೆ ತಡೆಯಲಾಗುತ್ತಿಲ್ಲ ಅನ್ನುವುದರ ಇನ್ನೊಂದು ರೂಪ. "ನಮ್ಮ ಚಿಕ್ಕಮ್ಮನಿಗೂ ಹೀಗೇ ಆಗಿತ್ತು" ಅಂದ ಕೂಡಲೇ ಮಾತು ಚಿಕ್ಕಮ್ಮನ ಕಡೆ ತಿರುಗಿತು. ಆ ಚಿಕ್ಕಮ್ಮ ಬದುಕಿಲ್ಲವಾದರೆ ಇನ್ನೂ ಕಷ್ಟ. "ಏನಾದ್ರೂ ಬೇಕಿದ್ರೆ ಹೇಳಿ" ಅಂದರೆ ಯಾರೂ ಹೇಳುವುದಿಲ್ಲ. "ಗುರುವಾರ ಬೆಳಿಗ್ಗೆ ಔಷಧಿ ಅಂಗಡಿ ಕಡೆ ಹೋಗ್ತೀನಿ, ಚೀಟಿ ಕೊಡ್ತೀರಾ?" ಅಂದರೆ ಕೊಡುತ್ತಾರೆ. ಇವುಗಳ ಬದಲು ರೂಢಿಯಾಗಬೇಕಾದ ಮಾತುಗಳು ಸಾದಾ: "ರಾತ್ರಿ ಹೊತ್ತು ಹೇಗೆ ಕಳೀತೀರಮ್ಮಾ?" "ಅವರ ವಿಷಯ ಸ್ವಲ್ಪ ಹೇಳಿ." "ಇದರಲ್ಲಿ ತುಂಬ ಕಷ್ಟ ಆಗ್ತಿರೋದು ಯಾವುದು?"

ಇನ್ನು ಮಾತಿನ ದಾಖಲೆ. ಆಸ್ಪತ್ರೆ ಗುರುಗಳ ತರಬೇತಿಯಲ್ಲಿ ಇದಕ್ಕೆ ವರ್ಬೇಟಿಮ್ ಎನ್ನುತ್ತಾರೆ. ಅಮೆರಿಕದ ಆಂಟನ್ ಬಾಯ್ಸನ್, ತಾನೇ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಯಾಗಿದ್ದು ಹೊರಬಂದವರು, 1925ರಲ್ಲಿ ಮ್ಯಾಸಚೂಸೆಟ್ಸಿನ ವೂಸ್ಟರ್ ಸರ್ಕಾರಿ ಆಸ್ಪತ್ರೆಗೆ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ಕರೆತಂದರು. ಪುಸ್ತಕ ಓದುವಷ್ಟೇ ಶ್ರದ್ಧೆಯಿಂದ ಮನುಷ್ಯರನ್ನೂ ಓದಬೇಕು ಎಂಬುದು ಅವರ ಹಟ. ಆ ಪರಂಪರೆಯಲ್ಲಿ ಮುಂದೆ ರಸೆಲ್ ಡಿಕ್ಸ್ ಮೊದಲಾದವರು ರೋಗಿಯ ಜೊತೆ ಆಡಿದ ಮಾತನ್ನು ಇದ್ದಂತೆಯೇ ಬರೆದಿಟ್ಟು ಚರ್ಚಿಸುವ ಕ್ರಮವನ್ನು ಬೆಳೆಸಿದರು. ಧರ್ಮಕೇಂದ್ರದ ಮಟ್ಟಕ್ಕೆ ಅದನ್ನು ಒಂದು ಪುಟಕ್ಕೆ ಇಳಿಸಿಕೊಳ್ಳಬಹುದು. ಭೇಟಿ ಮುಗಿದ ದಿನವೇ ಬರೆಯಬೇಕು, ಮರುದಿನಕ್ಕೆ ಮಾತುಗಳು ಬದಲಾಗಿರುತ್ತವೆ. ಭೇಟಿ ನಡೆಯುವಾಗ ಬರೆದುಕೊಳ್ಳುವಂತಿಲ್ಲ, ಮೊಬೈಲಿನಲ್ಲಿ ರೆಕಾರ್ಡ್ ಮಾಡುವಂತೆಯೂ ಇಲ್ಲ. ಹೆಸರು, ಬೀದಿ, ವಾರ್ಡು ಯಾವುದೂ ಬೇಡ. ಮೇಲ್ಗಡೆ ಎರಡು ಸಾಲು: ಯಾಕೆ ಹೋದದ್ದು, ಒಳಗೆ ಕಾಲಿಟ್ಟಾಗ ಕಂಡದ್ದು ಏನು. ಆಮೇಲೆ ಮಾತುಕತೆ, ಸಂಖ್ಯೆ ಹಾಕಿ. ಕೊನೆಗೆ ಮೂರು ಸಾಲು: ನನಗೆ ಏನನ್ನಿಸಿತು, ಎಲ್ಲಿ ಮಾತು ತಪ್ಪಿಸಿದೆ, ಮುಂದಿನ ಸಲ ಏನು.

ಮಾದರಿಗೆ ಕಟ್ಟಿಕೊಂಡ ಒಂದು ತುಣುಕು (ಸ್ವ ಅಂದರೆ ಸ್ವಯಂಸೇವಕ, ಅ ಅಂದರೆ ಅಮ್ಮ):

ಸ್ವ1: ಹೇಗಿದ್ದೀರಮ್ಮಾ?
ಅ1: ಇದ್ದೀನಪ್ಪ. ಇನ್ನೂ ಎಷ್ಟು ದಿನ ಇಟ್ಟಿರ್ತಾನೋ ದೇವರು.
ಸ್ವ2: ಹಾಗೆಲ್ಲ ಅನ್ನಬಾರ್ದು. ನೂರು ವರ್ಷ ಇರ್ತೀರಿ ನೀವು.
ಅ2: (ನಕ್ಕು) ಕಾಫಿ ತರ್ಲಾ?

ಗುಂಪು ಇಲ್ಲಿ ನೋಡಬೇಕಾದ್ದು ಎರಡನೇ ಸಾಲಿನಲ್ಲಿ ಅಮ್ಮ ಏನು ಹೇಳಲು ಹೊರಟಿದ್ದರು, ಮೂರನೇ ಸಾಲು ಅದನ್ನು ಹೇಗೆ ಮುಚ್ಚಿತು ಎಂಬುದನ್ನು. ಕಾಫಿ ಬಂದದ್ದು ಉಪಚಾರಕ್ಕಲ್ಲ, ಮಾತು ಮುಗಿಯಿತೆಂದು. "ಸಾಕಾಗಿಹೋಗಿದೆ ಅನ್ಸುತ್ತಾ ಅಮ್ಮಾ?" ಎಂದಿದ್ದರೆ ಬೇರೆಯೇ ಹತ್ತು ನಿಮಿಷ ಸಿಗುತ್ತಿತ್ತು. ಒಂದು ದಾಖಲೆಗೆ ನಲವತ್ತು ನಿಮಿಷ ಕೊಡಿ, ಒಂದು ತರಗತಿಗೆ ಮೂರಕ್ಕಿಂತ ಹೆಚ್ಚು ಬೇಡ. ಜನ ಸಾಮಾನ್ಯವಾಗಿ ಎಡವುವುದು ಬರವಣಿಗೆಯಲ್ಲಿ. ಗ್ರಾಂಥಿಕ ಕನ್ನಡದಲ್ಲಿ, ಪ್ರಬೋಧನೆಯ ಧಾಟಿಯಲ್ಲಿ, ತಾವು ಆಡದ ಸುಂದರ ಮಾತುಗಳನ್ನು ಸೇರಿಸಿ ತರುತ್ತಾರೆ. ಆಡಿದ ಭಾಷೆಯಲ್ಲೇ, ತೊದಲಿದ್ದನ್ನೂ ಸೇರಿಸಿ ಬರೆಯಲು ಹೇಳಿ. ಬರೆಯಲು ಹಿಂಜರಿಯುವವರು ಒಬ್ಬಿಬ್ಬರು ಇದ್ದೇ ಇರುತ್ತಾರೆ. ಅವರು ಬಾಯಲ್ಲಿ ಹೇಳಲಿ, ಜೋಡಿಯವರು ಬರೆದುಕೊಳ್ಳಲಿ. ಮೊದಲ ದಾಖಲೆಯನ್ನು ತರಬೇತಿ ಕೊಡುವವರೇ ತಮ್ಮದೊಂದನ್ನು ತಂದು ಚರ್ಚೆಗೆ ಇಟ್ಟರೆ ಉಳಿದವರ ಭಯ ಹೋಗುತ್ತದೆ.

ಭೇಟಿಯ ರೀತಿನೀತಿ ಚಿಕ್ಕಪುಟ್ಟ ಸಂಗತಿಗಳಿಂದ ಆದದ್ದು. ಮೊದಲೇ ಫೋನ್ ಮಾಡಿ ಹೋಗುವುದು. ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡು, ಸಂಜೆ ನಾಲ್ಕರಿಂದ ಆರು ಒಳ್ಳೆಯ ಹೊತ್ತು. ಮನೆಯಲ್ಲಿ ಅರ್ಧ ಗಂಟೆ, ಆಸ್ಪತ್ರೆಯಲ್ಲಿ ಹದಿನೈದು ನಿಮಿಷ ಮೀರಬಾರದು. ಮಂಚದ ಮೇಲೆ ಕೂರಬೇಡಿ, ಕುರ್ಚಿ ಎಳೆದುಕೊಂಡು ರೋಗಿಯ ಕಣ್ಣಿನ ಮಟ್ಟಕ್ಕೆ ಕೂತುಕೊಳ್ಳಿ. ಕಿಟಕಿಗೆ ಬೆನ್ನು ಹಾಕಿದರೆ ನಿಮ್ಮ ಮುಖ ಅವರಿಗೆ ಕಪ್ಪಾಗಿ ಕಾಣುತ್ತದೆ. ಕೀಮೋ ನಡೆಯುತ್ತಿರುವವರ ಬಳಿ ಸೆಂಟು, ಮಲ್ಲಿಗೆ ಎರಡೂ ಬೇಡ, ವಾಸನೆಗೇ ವಾಂತಿ ಬರುವುದುಂಟು. ಶೀತ ಕೆಮ್ಮು ಇದ್ದ ವಾರ ಹೋಗಲೇಬೇಡಿ. ಕೈಯಲ್ಲಿ ಎಳನೀರು, ಬಾಳೆಹಣ್ಣು ಹಿಡಿದು ಹೋಗುವುದು ನಮ್ಮ ಕಡೆಯ ಪದ್ಧತಿ. ಡಯಾಲಿಸಿಸ್ ಆಗುತ್ತಿರುವವರಿಗೆ ಎರಡೂ ಅಪಾಯ: ಅವುಗಳ ಪೊಟ್ಯಾಸಿಯಂ ಅನ್ನು ಕೆಟ್ಟ ಮೂತ್ರಪಿಂಡ ಹೊರಹಾಕಲಾರದು, ರಕ್ತದಲ್ಲಿ ಅದು ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಪಾರ್ಶ್ವವಾಯು ಹೊಡೆದವರಿಗೆ ಒಂದು ಗುಟುಕು ನೀರನ್ನೂ ಮನೆಯವರನ್ನು ಕೇಳದೆ ಕುಡಿಸಬಾರದು. ನುಂಗುವ ಶಕ್ತಿ ಕುಂದಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಕೇಳಿಕೊಂಡವರ ಹಾಸಿಗೆಗೆ ಮಾತ್ರ ಹೋಗುವುದು. ಪಕ್ಕದ ಹಾಸಿಗೆಯವರಿಗೆ ನಮಸ್ಕಾರ ಸಾಕು, ಕರಪತ್ರವಂತೂ ಖಂಡಿತ ಕೂಡದು.

ಮರೆವಿನ ಕಾಯಿಲೆಯವರ ಬಳಿ ಹೋದವರೆಲ್ಲ ಮೊದಲು ಕೇಳುವುದು "ನಾನ್ಯಾರು ಗೊತ್ತಾಯ್ತಾ?" ಎಂದು. ಅದೊಂದು ಪರೀಕ್ಷೆ, ಅವರು ಅದರಲ್ಲಿ ಫೇಲಾಗುತ್ತಾರೆ, ನಾಚಿಕೆಯಾಗುತ್ತದೆ. ಹೆಸರು, ವಾರ್ಡು ನೀವೇ ಹೇಳಿಬಿಡಿ. ತೀರಿಕೊಂಡ ಗಂಡ ಪೇಟೆಗೆ ಹೋಗಿದ್ದಾರೆ ಅಂದರೆ ತಿದ್ದಲು ಹೋಗದೆ ಅವರ ವಿಷಯ ಕೇಳಿ. ಜಪಸರವನ್ನೋ ಹಳೆಯ ಗೀತೆಯನ್ನೋ ಶುರುಮಾಡಿದರೆ, ಬೇರೆಲ್ಲ ಮರೆತವರೂ ಎಷ್ಟೋ ಸಲ ಸೇರಿಕೊಳ್ಳುತ್ತಾರೆ.

ಜೋಡಿಯಾಗಿ ಕಳಿಸಲು ಸುರಕ್ಷತೆಯೊಂದೇ ಕಾರಣವಲ್ಲ. ಒಬ್ಬರು ರೋಗಿಯ ಬಳಿ ಕೂತಾಗ ಇನ್ನೊಬ್ಬರು ಅಡುಗೆಮನೆಗೆ ಹೋಗಬಹುದು. ಹಗಲು ರಾತ್ರಿ ಎತ್ತಿ ಇಳಿಸಿ ಒರೆಸುವ ಸೊಸೆಯನ್ನೋ ಹೆಂಡತಿಯನ್ನೋ "ನೀವು ಹೇಗಿದ್ದೀರಿ?" ಎಂದು ಕೇಳುವವರೇ ಇರುವುದಿಲ್ಲ. ಎಷ್ಟೋ ಮನೆಗಳಲ್ಲಿ ಭೇಟಿಯ ಮುಖ್ಯ ಕೆಲಸ ನಡೆಯುವುದು ಅಲ್ಲೇ. ಕಾಫಿ ಕೊಟ್ಟರೆ ಅರ್ಧ ಲೋಟ ಕುಡಿಯಿರಿ, ಬೇಡವೆಂದರೆ ನೊಂದುಕೊಳ್ಳುತ್ತಾರೆ. ದುಡ್ಡು ಮಾತ್ರ ಕೊಡುವುದೂ ಬೇಡ, ತೆಗೆದುಕೊಳ್ಳುವುದೂ ಬೇಡ. ಹಣದ ಅಡಚಣೆ ಕಂಡರೆ ಮನೆಯವರ ಒಪ್ಪಿಗೆ ಪಡೆದು ಬಡವರಿಗೆ ನೆರವಾಗುವ ಸಂತ ವಿನ್ಸೆಂಟ್ ದೆ ಪಾಲ್ ಸಭೆಯವರಿಗೆ ತಿಳಿಸಿ.

ತರಗತಿಯಲ್ಲಿ ಅತಿ ಹೆಚ್ಚು ವಾದ ಎಬ್ಬಿಸುವ ಸಂದರ್ಭ ಒಂದಿದೆ. ಬಾಗಿಲಲ್ಲೇ ಮಗ ತಡೆದು, "ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಿಲ್ಲ, ನೀವೂ ಹೇಳಬೇಡಿ" ಎನ್ನುತ್ತಾನೆ. ಒಳಗೆ ಅಪ್ಪ, ಮಗ ಹೊರಗೆ ಹೋದ ಕ್ಷಣ, "ನನಗೇನಾಗಿದೆ ನಿಮಗಾದರೂ ಗೊತ್ತಾ?" ಎಂದು ಕೇಳುತ್ತಾರೆ. ಸುಳ್ಳು ಹೇಳಬಾರದು, ರೋಗವನ್ನು ಬಯಲು ಮಾಡುವ ಅಧಿಕಾರವೂ ನಮ್ಮದಲ್ಲ. "ನಿಮಗೆ ಏನನ್ನಿಸುತ್ತೆ?" ಎಂದು ಕೇಳಿ, ಹತ್ತರವರೆಗೆ ಎಣಿಸಿ. ಹೆಚ್ಚಿನ ಸಲ ಅವರಿಗೆ ಗೊತ್ತಿರುತ್ತದೆ. ತನಗೆ ಗೊತ್ತೆಂದು ಮಗನಿಗೆ ತಿಳಿದರೆ ಅವನು ಕುಗ್ಗುತ್ತಾನೆಂದು ಸುಮ್ಮನಿರುತ್ತಾರೆ. ಆಮೇಲೆ ಮಗನಿಗೆ ಹೇಳಬೇಕಾದ್ದು ಇಷ್ಟು: "ಅಪ್ಪ ಕೇಳ್ತಿದ್ದಾರೆ. ಡಾಕ್ಟರ ಹತ್ತಿರ ಒಟ್ಟಿಗೆ ಕೂತು ಮಾತಾಡ್ತೀರಾ?" ನೋವು ಹತೋಟಿಗೆ ಬಾರದಿದ್ದರೆ ಉಪಶಾಮಕ ಚಿಕಿತ್ಸೆ ಇರುವ ಆಸ್ಪತ್ರೆಯ ಹೆಸರು ಕೈಯಲ್ಲಿರಲಿ. ಬೆಂಗಳೂರಿನಲ್ಲಾದರೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುವ ಕರುಣಾಶ್ರಯವಿದೆ.

ಪ್ರಾರ್ಥನೆಯನ್ನು ಕೇಳಿ ಮಾಡಿ. "ಈಗ ಪ್ರಾರ್ಥನೆ ಮಾಡೋಣವಾ, ಇಲ್ಲ ಸುಮ್ಮನೆ ಕೂತಿರೋಣವಾ?" ಎರಡು ನಿಮಿಷ ಸಾಕು, ಅವರೇ ಬಳಸಿದ ಮಾತುಗಳಿಂದ. ಗುಣವಾಗುತ್ತದೆಂಬ ಭರವಸೆ ಕೊಡಬಾರದು, ಪ್ರಾರ್ಥನೆಯೊಳಗೆ ಬುದ್ಧಿಮಾತು ತುರುಕಬಾರದು. ಪರಮಪ್ರಸಾದ (ಬಲಿಪೂಜೆಯಲ್ಲಿ ಪವಿತ್ರಗೊಳಿಸಿದ ರೊಟ್ಟಿ) ಒಯ್ಯುವುದು ಬೇರೆ ಜವಾಬ್ದಾರಿ. 1973ರಲ್ಲಿ, ಪೋಪ್ ಆರನೆಯ ಪೌಲರ ಕಾಲದಲ್ಲಿ ಶ್ರೀಸಾಮಾನ್ಯರಿಗೂ (ಗುರುಗಳೋ ಸಿಸ್ಟರೋ ಅಲ್ಲದವರಿಗೂ) ಅದರ ದಾರಿ ತೆರೆಯಿತು, ಆದರೆ ಅದಕ್ಕೆ ವಿಧಿವತ್ತಾದ ನೇಮಕ ಬೇಕು, ಮನೆಭೇಟಿ ತಂಡದಲ್ಲಿದ್ದ ಮಾತ್ರಕ್ಕೆ ಆಗದು. ಒಯ್ಯುವವರು ಚರ್ಚಿನಿಂದ ನೇರ ಮನೆಗೆ ಹೋಗಬೇಕು, ದಾರಿಯಲ್ಲಿ ಸಂತೆ ವ್ಯಾಪಾರ ಇಲ್ಲ. ಮನೆಯವರು ಮೇಜಿಗೆ ಬಿಳಿ ಬಟ್ಟೆ, ಒಂದು ಮೇಣದಬತ್ತಿ, ಲೋಟದಲ್ಲಿ ನೀರು ಇಟ್ಟಿರಲಿ. ನುಂಗಲು ಕಷ್ಟವಾದರೆ ಚಿಕ್ಕ ಚೂರು ಸಾಕು. ಕಾಯಿಲೆಯವರಿಗೂ ವೃದ್ಧರಿಗೂ ಅವರನ್ನು ನೋಡಿಕೊಳ್ಳುವವರಿಗೂ ಒಂದು ಗಂಟೆಯ ಉಪವಾಸದ ಕಟ್ಟಳೆ ಇಲ್ಲವೆಂದು ಧರ್ಮಸಭೆಯ ಕಾನೂನಿನ 919ನೇ ವಿಧಿಯೇ ಹೇಳುತ್ತದೆ. ಮಾತ್ರೆ ನುಂಗಿ ತಿಂಡಿ ತಿಂದೆನಲ್ಲ ಎಂದು ಹಿಂಜರಿಯುವ ಅಜ್ಜಿಯರಿಗೆ ಇದನ್ನು ತಿಳಿಸಬೇಕು. ರೋಗಿಗಳ ಅಭ್ಯಂಗ, ಅಂದರೆ ಕಾಯಿಲೆಯವರಿಗೆ ಪವಿತ್ರ ತೈಲ ಹಚ್ಚುವ ಸಂಸ್ಕಾರ, ಗುರುಗಳದು ಮಾತ್ರ (1003ನೇ ವಿಧಿ). ಅದಕ್ಕೇ ಸ್ವಯಂಸೇವಕರು ಯಾವ ಎಣ್ಣೆಯನ್ನೂ ಹಚ್ಚಬಾರದು, ವೆಲಾಂಕಣಿಯಿಂದ ತಂದದ್ದಾದರೂ ಸರಿ, ಜನ ಗೊಂದಲಪಡುತ್ತಾರೆ. ಗುರುಗಳನ್ನು ಕರೆದರೆ ಸಾವು ಬಂತೆಂದೇ ಅರ್ಥ ಎಂಬ ಭಯದಿಂದ ಮನೆಯವರು ಪ್ರಜ್ಞೆ ತಪ್ಪುವವರೆಗೆ ಕಾಯುತ್ತಾರೆ. ದೊಡ್ಡ ಆಪರೇಷನ್ನಿಗೆ ಮೊದಲೇ, ಮಾತಾಡುವ ಶಕ್ತಿ ಇರುವಾಗಲೇ ಕರೆಸಬಹುದೆಂದು ಹೇಳಿಕೊಡುವುದು ತಂಡದ ಕೆಲಸ.

ಗುಟ್ಟು ಒಡೆಯುವುದು ಕೆಟ್ಟ ಉದ್ದೇಶದಿಂದ ಅಪರೂಪ. ವಾರ್ಡಿನ ಕೂಟದಲ್ಲಿ "ಇಂಥವರ ಮಗಳ ಸಂಸಾರಕ್ಕಾಗಿ ಬೇಡಿಕೊಳ್ಳೋಣ" ಎಂಬ ಒಂದು ವಿನಂತಿ ಸಾಕು. ವಾಟ್ಸಾಪ್ ಗುಂಪಿಗೆ ಹಾಕಿದ ಆಸ್ಪತ್ರೆಯ ಫೋಟೋ ಸಾಕು. ನಿಯಮ ಸರಳ: ಅವರು ಒಪ್ಪದೆ ಹೆಸರಿಲ್ಲ, ಫೋಟೋ ಯಾವಾಗಲೂ ಇಲ್ಲ, ಹೆಂಡತಿಗೂ ಗಂಡನಿಗೂ ಹೇಳುವಂತಿಲ್ಲ. ಪಾಪನಿವೇದನೆಯ ಮುದ್ರೆ, ಅಂದರೆ ಅಲ್ಲಿ ಕೇಳಿದ್ದನ್ನು ಎಂದೂ ಹೊರಗೆಡಹಬಾರದೆಂಬ ಕಟ್ಟು, ಗುರುಗಳಿಗೆ ಮಾತ್ರ ಸೇರಿದ್ದು, ಆದ್ದರಿಂದ "ಯಾರಿಗೂ ಹೇಳಲ್ಲ" ಎಂಬ ಮಾತನ್ನು ಸ್ವಯಂಸೇವಕರು ಕೊಡಲೇಬಾರದು. "ಯಾರ ಪ್ರಾಣಕ್ಕೂ ಅಪಾಯ ಇಲ್ಲದಿದ್ದರೆ, ಮಕ್ಕಳ ಮೇಲೆ ದೌರ್ಜನ್ಯ ಆಗಿಲ್ಲದಿದ್ದರೆ ಇದು ನಮ್ಮಲ್ಲೇ ಇರುತ್ತೆ" ಎನ್ನಬೇಕು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದರೆ, ನಡೆಯಬಹುದೆಂಬ ಆತಂಕವಿದ್ದರೂ, 2012ರ ಪೋಕ್ಸೊ ಕಾಯ್ದೆಯ 19ನೇ ಕಲಂನಂತೆ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಂನಡಿ ಆರು ತಿಂಗಳವರೆಗೆ ಸೆರೆಯಾಗಬಹುದು. ಮೊದಲು ಚರ್ಚಿನೊಳಗೇ ವಿಚಾರಿಸೋಣ ಎನ್ನುವುದಕ್ಕೆ ಅಲ್ಲಿ ಜಾಗವಿಲ್ಲ, ಆರೋಪ ಯಾರ ಮೇಲಿದ್ದರೂ ಸರಿ. ಮಕ್ಕಳ ಸಹಾಯವಾಣಿ 1098. ಗಂಡ ಹೊಡೆಯುವ ಮನೆಯಲ್ಲಿ ರಾಜಿ ಪಂಚಾಯಿತಿಗೆ ಇಳಿಯಬೇಡಿ, ಅವನೆದುರು ಆ ಮಾತೂ ಬೇಡ. ಹೆಂಗಸಿಗೆ ಮಹಿಳಾ ಸಹಾಯವಾಣಿ 181 ಗೊತ್ತಿರಲಿ.

ಸಾಯುವ ಮಾತು ಬಂದರೆ ಸುತ್ತಿ ಬಳಸದೆ ಕೇಳಬೇಕು: "ಪ್ರಾಣ ಕಳ್ಕೋಬೇಕು ಅನ್ನಿಸಿದೆಯಾ? ಹೇಗೆ ಅಂತ ಯೋಚನೆ ಮಾಡಿದ್ದೀರಾ?" ಕೇಳಿದ್ದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದದ್ದು ಹೊರಗೆ ಬರುತ್ತದೆ. ಹೇಗೆಂದು ಯೋಚಿಸಿದ್ದರೆ ಒಬ್ಬರನ್ನೇ ಬಿಟ್ಟು ಬರಬಾರದು. ಅವರ ಜೊತೆ ಕೂತೇ ಮನೆಯವರನ್ನು ಕರೆಯಿರಿ, ತೋಟದ ಕೀಟನಾಶಕವನ್ನು ಅವತ್ತೇ ಸಾಗಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ತುರ್ತಾದರೆ 112. ಪೊಲೀಸ್ ಕೇಸಿನ ಭಯಕ್ಕೆ ಆಸ್ಪತ್ರೆ ತಪ್ಪಿಸುವ ಮನೆಗಳಿವೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸಿ ಶಿಕ್ಷೆಯಿಂದ ರಕ್ಷಿಸುತ್ತದೆ. ಹಾಗೆ ಸತ್ತವರಿಗೆ ಚರ್ಚಿನ ಅಂತ್ಯಕ್ರಿಯೆ ಇಲ್ಲವೆಂಬ ಮಾತು ಇನ್ನೂ ಓಡಾಡುತ್ತಿದೆ. ಧರ್ಮಸಭೆಯ 1917ರ ಕಾನೂನಿನಲ್ಲಿದ್ದ ಆ ನಿಷೇಧ 1983ರದರಲ್ಲಿ ಇಲ್ಲ.

ಸಾವಿನ ಮನೆಗೆ ಏಳನೇ ದಿನದ ಪೂಜೆಯವರೆಗೆ ಜನ ತುಂಬಿರುತ್ತಾರೆ, ಆಗ ತಂಡ ಹಿಂದೆ ಸರಿದಿರಲಿ. ಮೂರನೇ ವಾರ, ಮೂರನೇ ತಿಂಗಳು, ಮೊದಲ ಕ್ರಿಸ್ಮಸ್ಸಿನ ಹಿಂದಿನ ವಾರ, ವರ್ಷದ ಪೂಜೆ: ಈ ನಾಲ್ಕನ್ನು ಪುಸ್ತಕದಲ್ಲಿ ಮೊದಲೇ ಗುರುತು ಹಾಕಿಡಿ. ಆ ಪುಸ್ತಕದಲ್ಲಿ ತಾರೀಖು, ಎಷ್ಟು ಹೊತ್ತು, ಮುಂದಿನ ಭೇಟಿ ಯಾವಾಗ ಎಂಬುದಷ್ಟೇ ಇರಬೇಕು, ಕಥೆ ಬೇಡ. ಅದು ಕಚೇರಿಯ ಬೀಗದೊಳಗಿರಲಿ. ಒಬ್ಬರಿಗೆ ನಾಲ್ಕು ಮನೆ ಮೀರಿ ಕೊಡಬೇಡಿ. ತಿಂಗಳಿಗೊಮ್ಮೆ ಎರಡು ಗಂಟೆ ಕೂತು ಎರಡು ದಾಖಲೆ ಚರ್ಚಿಸಬೇಕು. ಈ ಕೂಟ ನಿಂತ ತಂಡ ವರ್ಷದೊಳಗೆ ಬರೀ ಹಣ್ಣು ಹಂಚುವ ತಂಡವಾಗುತ್ತದೆ. ಸತತ ಮೂರು ಕೂಟ ತಪ್ಪಿಸಿದವರಿಗೆ ಭೇಟಿಯೂ ನಿಲ್ಲಲಿ, ಎಷ್ಟೇ ಒಳ್ಳೆಯವರಾದರೂ. ಅವಧಿ ಎರಡು ವರ್ಷ, ಆಮೇಲೆ ಮೂರು ತಿಂಗಳು ಬಿಡುವು, ಬೇಕಾದವರು ಮತ್ತೆ ಸೇರಬಹುದು. ಬಿಡುವ ಮುನ್ನ ತಮ್ಮ ಮನೆಗಳಿಗೆ ಹೊಸಬರನ್ನು ಜೊತೆಗೆ ಕರೆದೊಯ್ದು, "ಮುಂದಿನ ತಿಂಗಳಿಂದ ಇವರು ಬರ್ತಾರೆ" ಎಂದು ಪರಿಚಯಿಸಿ ಬರಬೇಕು. ಹೇಳದೆ ಕೇಳದೆ ನಿಂತರೆ ಆ ಮನೆಯವರು ತಮ್ಮದೇ ಏನೋ ತಪ್ಪಾಯಿತೆಂದುಕೊಳ್ಳುತ್ತಾರೆ.

ಕಡೆಯದಾಗಿ, ಫಾದರ್ ವರ್ಗವಾಗುತ್ತಾರೆ. ತಂಡ ಅವರ ಉತ್ಸಾಹದ ಮೇಲೆಯೇ ನಿಂತಿದ್ದರೆ ಅವರ ಪೆಟ್ಟಿಗೆಯ ಜೊತೆಗೇ ಹೊರಡುತ್ತದೆ. ಆದ್ದರಿಂದ ಸಂಚಾಲಕರು ಶ್ರೀಸಾಮಾನ್ಯರೊಬ್ಬರೋ ಊರಲ್ಲೇ ಇರುವ ಸಿಸ್ಟರೋ ಆಗಿರಲಿ. ನಿಯಮಗಳು, ಬಸ್ ಖರ್ಚಿನ ಬಾಬತ್ತು, ತಿಂಗಳ ಕೂಟದ ದಿನ ಮೂರೂ ಪಾಲನಾ ಪರಿಷತ್ತಿನ ನಡಾವಳಿಯಲ್ಲಿ ದಾಖಲಾಗಿರಲಿ. ಹೊಸ ಫಾದರ್ ಬಂದ ಮೊದಲ ತಿಂಗಳಲ್ಲೇ ಅವರನ್ನು ಒಂದು ಕೂಟಕ್ಕೆ ಕರೆದು, ದಾಖಲೆಯ ಚರ್ಚೆ ನಡೆಯುವಾಗ ಮಾತಾಡದೆ ಕೂತಿರಲು ಕೇಳಿಕೊಳ್ಳಿ.